ವಿಹಾರನೌಕಾಯಾನ: ಕರ್ನಾಟಕ ಕರಾವಳಿಯಲ್ಲಿ

ಹಾಯಿಯ ಅಥವಾ ಯಂತ್ರದ ಸಣ್ಣ ನೌಕೆಯಲ್ಲೇ ಉಂಡು, ಮಲಗಿ, ಮರೆಯಿರುವ ನೀರಿನಲ್ಲಿ ಒಂದು ತಂಗುದಾಣದಿಂದ ಇನ್ನೊಂದಕ್ಕೆ ಸಾಗುವ ಪ್ರವಾಸ. ಕೆನಡಾದ ಪಶ್ಚಿಮ ತೀರದಲ್ಲೂ ಕ್ರೊಯೇಷಿಯದಲ್ಲೂ ದ್ವೀಪಗಳ ಸಾಲೇ ಕಡಲಿನ ಅಲೆಯನ್ನು ತಡೆಯುತ್ತದೆ. ಕೇರಳದ ಹಿನ್ನೀರುಗಳನ್ನು ಕೊಲ್ಲಂನಿಂದ ಉತ್ತರಕ್ಕೆ ಕಾಲುವೆಗಳು ಜೋಡಿಸುತ್ತವೆ. ಕರ್ನಾಟಕದ ಸುಮಾರು 320 ಕಿ.ಮೀ. ತೀರದಲ್ಲಿ ಅಂಥ ಒಳದಾರಿ ಇಲ್ಲ. ಇಲ್ಲಿ ಮರೆ ಸಿಗುವುದು ನದೀಮುಖಗಳಲ್ಲಿ, ಕೆಲವು ಕೊಲ್ಲಿಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ತೆರೆದ ಕಡಲಿಗೆ ಇಳಿಯಲೇಬೇಕು. ಹಿರಿಯೂರಿನ ವಾಣಿವಿಲಾಸ ಸಾಗರದಂಥ ಒಳನಾಡಿನ ಜಲಾಶಯಗಳಲ್ಲಿ ಉಬ್ಬರವಿಳಿತವೂ ಇಲ್ಲ, ಅಳಿವೆಯೂ ಇಲ್ಲ. ಅಲ್ಲಿಯ ದೋಣಿವಿಹಾರ ಬೇರೆಯೇ ಬಗೆಯದು.

ಯಾನದ ಕಾಲ ಅಕ್ಟೋಬರಿನಿಂದ ಮೇ ತಿಂಗಳವರೆಗೆ. ಆಗ ಇರುಳು ಮತ್ತು ಮುಂಜಾವಿನಲ್ಲಿ ನೆಲದ ಕಡೆಯಿಂದ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಗಾಳಿ ಬೀಸುತ್ತದೆ. ಸರಕು ಸಾಗಿಸುತ್ತಿದ್ದ ಮಂಜಿ, ಮಚ್ವೆ ಎಂಬ ಹಾಯಿಹಡಗುಗಳ ತಾಂಡೇಲರು (ನಾಯಕರು) ನೆಚ್ಚಿದ್ದು ಇದೇ ಲಯವನ್ನು. ಮುಂಗಾರು ಕಾಲಿಟ್ಟ ಮೇಲೆ ವಿಹಾರದ ಮಾತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿದೆ.

ಇಲ್ಲಿಯ ನಾವಿಕನಿಗೆ ನಿಜವಾದ ಪರೀಕ್ಷೆ ಅಳಿವೆಬಾಗಿಲು. ನದಿ ತಂದ ಮರಳನ್ನು ಕಡಲು ಬಾಯಲ್ಲೇ ಗುಡ್ಡೆ ಹಾಕುತ್ತದೆ, ಮಳೆಗಾಲ ಕಳೆದಾಗ ಆ ಗುಡ್ಡೆ ಜಾಗ ಬದಲಿಸಿರುತ್ತದೆ. ಆದ್ದರಿಂದ ಹಳೆಯ ನಕ್ಷೆಗಿಂತ ಅಂದಿನ ಮೀನುಗಾರನ ಮಾತು ಮೇಲು. ಹಾಯಿನೌಕೆಯ ತಳಗಟ್ಟು ಒಂದೂವರೆ, ಎರಡು ಮೀಟರ್ ಆಳಕ್ಕೆ ಇಳಿದಿರುವುದು ಸಾಮಾನ್ಯ. ಅಂಥದ್ದು ಏರುನೀರಿಗೆ ಕಾದು ಒಳಗೆ ಬರಬೇಕು, ಏರುನೀರಿನಲ್ಲೇ ಹೊರಡಬೇಕು. ಒಳಗೆ ಬಂದ ಮೇಲೆ ಸೇತುವೆಗಳ ತಡೆ. ಹೊನ್ನಾವರದಲ್ಲಿ ಶರಾವತಿಯ ಮೇಲೆ ಹೆದ್ದಾರಿಯ ಸೇತುವೆಯಿದೆ, ಕೊಂಕಣ ರೈಲ್ವೆಯ 2 ಕಿ.ಮೀ.ಗೂ ಉದ್ದದ ಸೇತುವೆಯೂ ಇದೆ. ಎತ್ತರದ ಕೂವೆಕಂಬದ ನೌಕೆ ಅವುಗಳಡಿ ನುಸುಳಲಾರದು. ಕಾಂಡ್ಲ ಕಾಡಿನ ನಡುವಿನ ಒಳನೀರು ಅಲ್ಲಿ ಚಪ್ಪಟೆ ತಳದ ದೋಣಿಗಳ ಪಾಲು.

ಅಘನಾಶಿನಿಯಲ್ಲಿ ಈ ಇಕ್ಕಟ್ಟು ಕಡಿಮೆ. ಅಣೆಕಟ್ಟಿಲ್ಲದೆ ಹರಿದು ಬರುವ ಈ ನದಿ ತದಡಿಯ ಬಳಿ ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತದೆ. ಆದರೆ ಅಗಲವೆಲ್ಲ ಆಳವಲ್ಲ. ಇಳಿತದಲ್ಲಿ ಎದ್ದು ಕಾಣುವ ಕೆಸರುಬಯಲಿನಲ್ಲಿ ಜನ ಚಿಪ್ಪಿ ಹೆಕ್ಕುತ್ತಾರೆ. ದಡದ ಗಜನಿ ಭೂಮಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಲಂಗರು ಹಾಕುವವರು ಚಿಪ್ಪಿಯ ದಿಬ್ಬಗಳನ್ನೂ ಬಲೆಗಳನ್ನೂ ಬಿಟ್ಟು ಜಾಗ ಹುಡುಕಬೇಕು.

ತೀರದ ಅತ್ಯುತ್ತಮ ಸಹಜ ಆಶ್ರಯ ಕಾರವಾರ ಕೊಲ್ಲಿ. ಇಂಗ್ಲಿಷ್ ವರ್ತಕರು 1638ರಲ್ಲಿ ಕೋಠಿ ತೆರೆದದ್ದು ಇಲ್ಲೇ, ಕಾಳಿ ನದಿಯ ಕಡವಾಡದಲ್ಲಿ. ಆಡಳಿತದಲ್ಲಿ ಗೋವೆಗೆ ಸೇರಿದರೂ ಕಾರವಾರಕ್ಕೆ ಹತ್ತಿರವಿರುವ ಅಂಜದೀವ ದ್ವೀಪದ ಬಳಿ ವಾಸ್ಕೋ ಡ ಗಾಮ 1498ರಲ್ಲಿ ತನ್ನ ಹಡಗುಗಳನ್ನು ರಿಪೇರಿ ಮಾಡಿಸಿಕೊಂಡ. ಒಳ್ಳೆಯ ಲಂಗರುತಾಣವೆಲ್ಲ ವಾಸಕ್ಕೂ ಒಳ್ಳೆಯದೆಂದೇನಿಲ್ಲ: ಮುಂಬಯಿಯನ್ನು ವಶಕ್ಕೆ ಪಡೆಯಲು 1662ರಲ್ಲಿ ಬಂದ ಇಂಗ್ಲಿಷ್ ಪಡೆ, ಪೋರ್ಚುಗೀಸರು ಊರು ಬಿಟ್ಟುಕೊಡದೆ ಸತಾಯಿಸಿದ್ದರಿಂದ ಇದೇ ದ್ವೀಪದಲ್ಲಿ ಬೀಡುಬಿಟ್ಟು, ದಳಪತಿ ಅಬ್ರಹಾಂ ಶಿಪ್‌ಮನ್ ಸಹಿತ ಬಹುಪಾಲು ರೋಗಕ್ಕೆ ಬಲಿಯಾಯಿತು. ಈಗ ದ್ವೀಪವೂ ಕಾರವಾರದ ದಕ್ಷಿಣದ ತೀರವೂ ನೌಕಾಪಡೆಯ ಹಿಡಿತದಲ್ಲಿವೆ. ಕದಂಬ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ತೀರದ ಅತಿ ಸುರಕ್ಷಿತ ನೀರಿನ ದೊಡ್ಡ ಭಾಗ ಹೀಗೆ ವಿಹಾರಿಗಳಿಗೆ ಮುಚ್ಚಿದೆ.

ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಮರೆ ಕೊಡುವುದು ಮರಳಿನ ಉದ್ದನೆಯ ನಾಲಗೆಗಳು. ಕೋಡಿಬೆಂಗ್ರೆಯ ಹಿಂದೆ ಸೀತಾ, ಸ್ವರ್ಣಾ ಒಂದಾಗುತ್ತವೆ. ಎದುರಿನ ಹಂಗಾರಕಟ್ಟೆ ಒಂದು ಕಾಲಕ್ಕೆ ಮಂಜಿಗಳ ಬಂದರು. ಪಡುಕೆರೆಯ ಹಿಂದೆ ಉದ್ಯಾವರ ಹೊಳೆ, ಸಸಿಹಿತ್ಲುವಿನಲ್ಲಿ ಶಾಂಭವಿ ಮತ್ತು ನಂದಿನಿ, ಮಂಗಳೂರಿನ ಬೆಂಗ್ರೆಯ ಹಿಂದೆ ಗುರುಪುರ ನದಿ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಇಂದಿಗೂ ಇವೆ, ಹಾಯಿಯ ಜಾಗಕ್ಕೆ ಎಂಜಿನ್ ಬಂದಿದೆ.

ದ್ವೀಪಗಳು ಕಣ್ಣಿಗೆ ಹಬ್ಬ, ಲಂಗರಿಗಲ್ಲ. ಕಾರವಾರದೆದುರಿನ ಕೂರ್ಮಗಡ, ಹೊನ್ನಾವರದೆದುರಿನ ಬಸವರಾಜದುರ್ಗ, ಮಲ್ಪೆಯ ಸೇಂಟ್ ಮೇರೀಸ್ ಇವುಗಳ ಮಗ್ಗುಲಲ್ಲಿ ಹಗಲಿನ ಗಾಳಿಗೆ ಒಂದಿಷ್ಟು ಮರೆ ಸಿಕ್ಕೀತು. ಗಾಳಿ ತಿರುಗಿದರೆ ಲಂಗರು ಕಿತ್ತು ಹೊರಡಬೇಕು. ಮುರ್ಡೇಶ್ವರದೆದುರಿನ ನೇತ್ರಾಣಿಯಲ್ಲಿ ಹವಳಗಳಿರುವುದರಿಂದ ಲಂಗರು ಎಸೆಯದಿರುವುದೇ ಸರಿ.

ಇರುಳಿನ ಯಾನದಲ್ಲಿ ಬಂಡೆಗಿಂತ ಹೆಚ್ಚು ಕಾಡುವುದು ತೇಲಿಬಿಟ್ಟ ಮೀನುಬಲೆ. ಚುಕ್ಕಾಣಿಗೋ ಪ್ರೊಪೆಲ್ಲರಿಗೋ ಅದು ಸುತ್ತಿಕೊಂಡರೆ ನೌಕೆಗೂ ಕಷ್ಟ, ಮೀನುಗಾರನಿಗೂ ನಷ್ಟ. ಹೀಗಾಗಿ ಈ ತೀರದಲ್ಲಿ ಹಗಲಿನಲ್ಲೇ ಗುರಿ ಮುಟ್ಟುವಷ್ಟು ದೂರದ ಹೆಜ್ಜೆಗಳನ್ನು ಹಾಕುವುದು ವಾಸಿ. ವಿದೇಶಿ ನೌಕೆಗಳು ಮೊದಲು ನವಮಂಗಳೂರಿನಂಥ ಬಂದರಿನಲ್ಲಿ ಸುಂಕ ಮತ್ತು ವಲಸೆ ತಪಾಸಣೆ ಮುಗಿಸಬೇಕು. ಬೈಂದೂರಿನಲ್ಲಿ ಮರೀನಾ ಕಟ್ಟುವ ಪ್ರಸ್ತಾಪ 2022ರಲ್ಲಿ ಪ್ರಕಟವಾಯಿತು. ದಿನನಿತ್ಯದ ಡೀಸೆಲ್, ಮಂಜುಗಡ್ಡೆ, ಕುಡಿಯುವ ನೀರಿಗೆ ಮಲ್ಪೆ, ಗಂಗೊಳ್ಳಿ, ತದಡಿಗಳ ಮೀನುಗಾರಿಕಾ ಧಕ್ಕೆಯೇ ಗತಿ. ಅಲ್ಲೂ ಟ್ರಾಲ್‌ಬೋಟುಗಳ ಸರದಿ ಮೊದಲು.