ಗಣಕದೊಳಗೆ ಕನ್ನಡದ ಅಕ್ಷರಗಳು ಪಟ್ಟ ಪಾಡು

2014ರ ಬೇಸಿಗೆಯಲ್ಲಿ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಧೂಳು ಕೊಡಹುತ್ತಿದ್ದಾಗ ಹಳೆಯ ಸಿ.ಡಿ. ಒಂದು ಸಿಕ್ಕಿತು. ಮೇಲೆ ನನ್ನದೇ ಕೈಬರಹ: 'ಸುವರ್ಣ ಮಹೋತ್ಸವ, 2003'. ಆ ವರ್ಷ ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿತ್ತು. ಸ್ಮರಣ ಸಂಚಿಕೆಗೆಂದು ಊರೂರು ಅಲೆದು, ಹಿರಿಯರ ಮುಂದೆ ನೋಟ್‌ಬುಕ್ ಹಿಡಿದು ಕುಳಿತು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದೆ. ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಯೊಂದರಲ್ಲಿ ಅದೆಲ್ಲವನ್ನೂ ಬೆರಳಚ್ಚು ಮಾಡಿಸಿದ್ದಾಯಿತು. ಸಂಚಿಕೆಯಲ್ಲಿ ಅಚ್ಚಾದದ್ದು ಅದರ ಕಾಲು ಭಾಗ ಮಾತ್ರ. ಉಳಿದದ್ದು ಈ ತಟ್ಟೆಯೊಳಗಿತ್ತು.

ತೆರೆದು ನೋಡಿದರೆ ಒಂದೇ ಒಂದು ಕನ್ನಡದ ಅಕ್ಷರವಿಲ್ಲ! 'ಕನ್ನಡ' ಎಂದಿರಬೇಕಾದ ಕಡೆ ದೊಡ್ಡದೊಂದು ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ಜರ್ಮನರ ಭಾಷೆಯದೊಂದು ವಿಚಿತ್ರ ಅಕ್ಷರ, ಸಣ್ಣ ಕ್ಯೂ, ಪುನಃ ಅದೇ ಎ. ಪುಟಗಟ್ಟಲೆ ಇದೇ ಸಂತೆ. ತಟ್ಟೆ ಕೆಟ್ಟಿದೆಯೆಂದೇ ತಿಳಿದು ಮನಸ್ಸು ಮುದುಡಿತು. ಆ ಹಿರಿಯರಲ್ಲಿ ಬಹುಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದವನು ಮನೆಗೂ ಬಂದ. ತೋರಿಸಿದೆ. ನೋಡಿದವನೇ ನಕ್ಕ. "ಮೇಷ್ಟ್ರೆ, ಕಡತ ಕೆಟ್ಟಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಇದರ ಫಾಂಟ್ ಇಲ್ಲ, ಅಷ್ಟೇ" ಎಂದ. ಅಷ್ಟೇ ಎಂದರೆ ಏನಪ್ಪಾ ಎಂದು ಕೇಳಿದ್ದಕ್ಕೆ ಆತ ನಾಲ್ಕು ದಿನ ಪಾಠ ಹೇಳಬೇಕಾಯಿತು. ಪಾಠ ಹೇಳಿಸಿಕೊಂಡವನು ಮೂವತ್ತು ವರ್ಷ ಚರಿತ್ರೆ ಬೋಧಿಸಿದವನಾದ್ದರಿಂದ, ದುರಸ್ತಿಯ ಕ್ರಮಕ್ಕಿಂತ ಈ ದೋಷಗಳ ವಂಶಾವಳಿಯೇ ನನಗೆ ಹೆಚ್ಚು ರುಚಿಸಿತು. ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿದೀತು. ಯಾವ ಅಂಕಿ ಯಾವ ಅಕ್ಷರವೆಂಬ ಒಪ್ಪಂದವೊಂದು ಬೇಕು. ಅಮೆರಿಕದಲ್ಲಿ 1963ರಲ್ಲಿ ಹೊರಬಂದ ಆಸ್ಕಿ ಎಂಬ ಒಪ್ಪಂದದಲ್ಲಿ ಇದ್ದದ್ದು 128 ಸ್ಥಾನಗಳು. ಇಂಗ್ಲಿಷಿನ ಅಕ್ಷರ, ಅಂಕಿ, ವಿರಾಮಚಿಹ್ನೆಗಳಿಗೆ ಅಷ್ಟು ಧಾರಾಳವಾಗಿ ಸಾಕು. ಮುಂದೆ ಅದನ್ನು 256ಕ್ಕೆ ಹಿಗ್ಗಿಸಿ, ಹೆಚ್ಚಿದ ಸ್ಥಾನಗಳನ್ನು ಐರೋಪ್ಯ ಭಾಷೆಗಳ ಗೆರೆಯ ಅಕ್ಷರಗಳಿಗೆ ಹಂಚಿದರು. ಆ ಪಂಕ್ತಿಯಲ್ಲಿ ನಮಗೆ ಎಲೆ ಹಾಕಿರಲಿಲ್ಲ.

ನಮ್ಮವರು ಸುಮ್ಮನೆ ಕುಳಿತಿದ್ದರೆಂದಲ್ಲ. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಯೋಜನೆಯ ಫಲವಾಗಿ ಇಸ್ಕಿ ಎಂಬ ಭಾರತೀಯ ಸಂಕೇತ ಸಿದ್ಧವಾಯಿತು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅದಕ್ಕೆ ಮುದ್ರೆಯೊತ್ತಿತು. ಅದರ ತತ್ತ್ವ ಬಹು ಸೊಗಸಾದುದು. ನಮ್ಮ ಲಿಪಿಗಳೆಲ್ಲ ಬ್ರಾಹ್ಮಿಯ ಮಕ್ಕಳಾದ್ದರಿಂದ ಎಲ್ಲ ಲಿಪಿಗಳ 'ಕ'ಕಾರಕ್ಕೂ ಒಂದೇ ಅಂಕಿ. ಅಂಕಿ ಸಾಲುವುದು ಉಚ್ಚಾರಣೆಗೆ, ಆಕಾರವನ್ನು ಯಂತ್ರ ತಾನೇ ಕಟ್ಟಿಕೊಳ್ಳಬೇಕು. ಈ ಉಚ್ಚಾರಣೆಯ ತತ್ತ್ವವನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಆದರೆ ವಿಂಡೋಸ್ ಗಣಕಗಳು ಮನೆಮನೆಗೆ ಬಂದಾಗ ಅವಕ್ಕೆ ಒತ್ತಕ್ಷರ ಕಟ್ಟುವ ವಿದ್ಯೆ ಗೊತ್ತಿರಲಿಲ್ಲ. ಆಗ ಕಂಡುಕೊಂಡ ಉಪಾಯವೇ ಫಾಂಟಿನ ವೇಷ. ಗಣಕವು ಪಿ ಎಂದೇ ತಿಳಿದಿರಲಿ. ಆ ಪಿ ಅಕ್ಷರದ ಚಿತ್ರದ ಜಾಗದಲ್ಲಿ ತಲೆಕಟ್ಟಿಲ್ಲದ 'ಕ'ದ ಚಿತ್ರವನ್ನಿಟ್ಟರಾಯಿತು! ಪೌಂಡಿನ ಗುರುತಿನ ಕಡೆ ತಲೆಕಟ್ಟಿಲ್ಲದ 'ನ'. ಓರೆಗೆರೆಯ ಎ ಇದ್ದೆಡೆ ತಲೆಕಟ್ಟು. ನನ್ನ ತಟ್ಟೆಯ ತುಂಬ ಆ ಎ ಏಕಿತ್ತೆಂಬುದು ಈಗ ಓದುಗರಿಗೆ ಹೊಳೆದಿರಬಹುದು. ಕನ್ನಡದಲ್ಲಿ ತಲೆಕಟ್ಟಿಗೆ ಕೊರತೆಯೆಲ್ಲಿ?

ಈ ಉಪಾಯವನ್ನು ಇಂದಿನ ತರುಣರು ಹಗುರವಾಗಿ ಕಾಣುವುದುಂಟು. ನಾನು ಒಪ್ಪುವುದಿಲ್ಲ. ಅಕ್ಷರ ಜೋಡಣೆಯ ತಂತ್ರದಲ್ಲಿ ಪಳಗಿದ ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ಇವರಿಲ್ಲದಿದ್ದರೆ ನಮ್ಮ ಸ್ಮರಣ ಸಂಚಿಕೆ ಮೊಳೆ ಜೋಡಿಸುವವನ ಹಳೆಯ ಪೆಟ್ಟಿಗೆಯ ಮುಂದೆಯೇ ಕಾಯಬೇಕಿತ್ತು. ಉಪಾಯದ ದೋಷ ಬೇರೆಡೆ ಇತ್ತು: ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಪಿ ಪಿಯಾಗಿಯೇ ನಿಲ್ಲುತ್ತದೆ. ಹುಡುಕಲು ಬಾರದು, ಅಕಾರಾದಿಯಾಗಿ ಜೋಡಿಸಲು ಬಾರದು.

ಹಾಗಾದರೆ ಒಂದಕ್ಕೊಂದು ಬದಲಿಸಿಬಿಟ್ಟರೆ ಆಯಿತಲ್ಲ, ಪಿ ಕಂಡಲ್ಲಿ 'ಕ' ಬರೆದರೆ ಮುಗಿಯಿತಲ್ಲ ಎಂದೆ. ಶಿಷ್ಯ ಮಾಡಿದ್ದೂ ಮೊದಲು ಹಾಗೆಯೇ. ಫಲಿತಾಂಶದಲ್ಲಿ 'ಸೂರ್ಯ' ಹಾಳಾಗಿ ಬಂದ. ಏಕೆಂದರೆ ಫಾಂಟಿನ ಕಡತದಲ್ಲಿ ಅಕ್ಷರಗಳಿರುವುದು ಕಣ್ಣಿಗೆ ಕಾಣುವ ಕ್ರಮದಲ್ಲಿ: ಸೂ, ಯ, ಆಮೇಲೆ ಅರ್ಕಾವತ್ತು. ಹೊಸ ಸಂಕೇತದಲ್ಲಿರುವುದು ನಾಲಿಗೆ ನುಡಿಯುವ ಕ್ರಮ: ಸೂ, ರ್, ಯ. ಆದುದರಿಂದ ಪರಿವರ್ತಿಸುವ ತಂತ್ರಾಂಶವು ಅರ್ಕಾವತ್ತನ್ನು ಕಂಡೊಡನೆ ಹಿಂದಕ್ಕೆ ನಡೆದು, ಇಡೀ ಅಕ್ಷರದ ಮೊದಲನ್ನು ಹುಡುಕಿ, ಅದರ ಹಿಂದೆ ರಕಾರವನ್ನು ನೆಡಬೇಕು. ಒತ್ತಕ್ಷರದ ಕಥೆಯೂ ಇದೇ, ಅಲ್ಲಿ ಸ್ವರಚಿಹ್ನೆ ಮೊದಲು ಬಂದು ಒತ್ತು ಹಿಂದೆ ಬಂದಿರುತ್ತದೆ. ಎಂಟನೆಯ ತರಗತಿಯಲ್ಲಿ ಅರ್ಕಾವತ್ತನ್ನು ಎಲ್ಲಿ ಬರೆಯುವುದು, ಎಲ್ಲಿ ಓದುವುದು ಎಂದು ಮಕ್ಕಳಿಗೆ ತಿದ್ದಿ ತಿದ್ದಿ ಸಾಕಾಗಿದ್ದ ನನಗೆ, ಯಂತ್ರವೂ ಅದೇ ಬೆಂಚಿನಲ್ಲಿ ಕುಳಿತು ಅದೇ ತಪ್ಪು ಮಾಡುವುದನ್ನು ಕಂಡು ಕನಿಕರವೇ ಆಯಿತು. ಮೂರನೆಯ ದಿನ ರಾತ್ರಿ ತಟ್ಟೆಯ ಬರಹವೆಲ್ಲ ಕನ್ನಡವಾಯಿತು.

ಹೊಸ ಸಂಕೇತವೆಂದೆನಲ್ಲ, ಅದು ಯೂನಿಕೋಡ್. ಅದರ ಮೊದಲ ಆವೃತ್ತಿ ಪ್ರಕಟವಾದದ್ದೂ 1991ರಲ್ಲಿಯೇ. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸ್ಥಾನ, ಕನ್ನಡಕ್ಕೆ 128 ಮನೆಗಳ ಒಂದು ಓಣಿ. ನಮ್ಮ ಇಸ್ಕಿಯ ವಿನ್ಯಾಸವನ್ನೇ ಅವರು ಮಾದರಿಯಾಗಿಟ್ಟುಕೊಂಡರು. ಅದರಿಂದ ಉಪಕಾರವೂ ಆಯಿತು, ಒಂದು ಸಣ್ಣ ತೊಡಕೂ ಉಳಿಯಿತು. ದೇವನಾಗರಿಯ ಸಾಲಿಗೆ ಹೊಂದಿಕೊಳ್ಳಬೇಕಾಗಿ 'ಳ'ಕಾರವು 'ಲ'ಕಾರದ ಮಗ್ಗುಲಲ್ಲಿ ಕುಳಿತಿತು. ನಮ್ಮ ವರ್ಣಮಾಲೆಯಲ್ಲಿ ಅದು 'ಹ'ಕಾರದ ಅನಂತರದ್ದು. ಬರಿಯ ಅಂಕಿಯ ಕ್ರಮದಲ್ಲಿ ಹೆಸರುಗಳನ್ನು ಜೋಡಿಸಿದರೆ ಕಾವೇರಿಗಿಂತ ಮೊದಲು ಕಾಳಮ್ಮ ಬರುತ್ತಾಳೆ. ಹಾಜರಿ ಪುಸ್ತಕವೊಂದರಲ್ಲಿ ಇದನ್ನು ಕಂಡು ನಾನು ಗುಮಾಸ್ತರನ್ನು ಗದರಿದ್ದೆ. ಪಾಪ, ತಪ್ಪು ಅವರದಾಗಿರಲಿಲ್ಲ. ಜೋಡಣೆಯ ನಿಯಮವನ್ನು ಭಾಷೆಗೆ ತಕ್ಕಂತೆ ಪ್ರತ್ಯೇಕವಾಗಿ ತಂತ್ರಾಂಶಕ್ಕೆ ಹೇಳಿಕೊಡಬೇಕಾಗುತ್ತದೆಂಬುದು ಆಗ ನನಗೆ ತಿಳಿದಿರಲಿಲ್ಲ.

ಇನ್ನೊಂದು ದೋಷವಂತೂ ಶಾಶ್ವತ. 'ಪೊೞಲ್' ಎಂಬಲ್ಲಿರುವ ಹಳಗನ್ನಡದ ೞಕಾರವನ್ನು ಬಲ್ಲವರು ಬಲ್ಲಿರಿ. ಯೂನಿಕೋಡಿನ ಪಟ್ಟಿಯಲ್ಲಿ ಅದರ ಅಧಿಕೃತ ನಾಮಧೇಯ 'ಫ' ಎಂದಾಗಿದೆ! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ನಿಯಮ, ಬದಲಿಸಿದರೆ ಹೆಸರನ್ನು ನಂಬಿದ ತಂತ್ರಾಂಶಗಳು ಮುರಿದಾವೆಂಬ ಭಯ. ಸರಿಯಾದ ಹೆಸರನ್ನು ಪಕ್ಕದಲ್ಲಿ ಪರ್ಯಾಯನಾಮವೆಂದು ಸೇರಿಸಿ ಕೈತೊಳೆದುಕೊಂಡಿದ್ದಾರೆ. ಶಾಸನದಲ್ಲಿ ಕಂಡರಣೆಗಾರನ ತಪ್ಪು ಉಳಿದ ಹಾಗೆ ಇದೂ ಉಳಿಯುತ್ತದೆ.

ಸ್ಥಾನ ಸಿಕ್ಕರೆ ಸಾಲದು, ಆ ಅಂಕಿಯನ್ನು ಕಡತದಲ್ಲಿ ಬರೆಯುವ ಬಗೆಯೂ ಬೇಕು. 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಉಪಾಹಾರ ಗೃಹವೊಂದರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಇಬ್ಬರೂ ಕುಳಿತು ಮೇಜಿನ ಮೇಲಿನ ಹಾಸುಕಾಗದದಲ್ಲಿ ಗೀಚಿದ ವಿಧಾನವೇ ಯುಟಿಎಫ್-8. ಇದರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್, ಕನ್ನಡದ್ದಕ್ಕೆ ಮೂರು. ಅಂತರಜಾಲದ ಪುಟವು ತಾನು ಯುಟಿಎಫ್-8 ಎಂದು ತಲೆಬರಹದಲ್ಲಿ ಹೇಳಿಕೊಳ್ಳದಿದ್ದರೆ ಬ್ರೌಸರ್ ಅದನ್ನು ಪಶ್ಚಿಮ ಯೂರೋಪಿನ ಭಾಷೆಯೆಂದು ಬಗೆದು, ಒಂದೊಂದು ಬೈಟನ್ನೂ ಒಂದೊಂದು ಅಕ್ಷರವಾಗಿ ಓದುತ್ತದೆ. ಆಗ 'ಕ' ಒಂದೇ ಒಂದು ಮೂರಾಗಿ ಒಡೆಯುತ್ತದೆ: ಓರೆಗೆರೆಯ ಸಣ್ಣ ಎ, ಭುಜದ ಮೇಲಿನ ಪುಟ್ಟ ಎರಡು, ಒಂದು ದಪ್ಪ ಚುಕ್ಕೆ. ಪುಟದ ತುಂಬ ಆ ಎ ಅಕ್ಷರದ ಬೆನ್ನಿಗೆ ಪುಟ್ಟ ಎರಡು ಮತ್ತು ಪುಟ್ಟ ಮೂರು ಮತ್ತೆ ಮತ್ತೆ ಬಂದರೆ ಅದು ಹೀಗೆ ಒಡೆದ ಕನ್ನಡವೇ. ಗಾಬರಿ ಬೇಡ. ಬೈಟುಗಳು ಸುರಕ್ಷಿತವಾಗಿವೆ, ಓದುವ ಕ್ರಮ ತಿದ್ದಿದರೆ ಸಾಕು. ವಿಂಡೋಸಿನ ನೋಟ್‌ಪ್ಯಾಡ್ 2019ರವರೆಗೂ ಯುಟಿಎಫ್-8 ಕಡತದ ಮೊದಲಿಗೆ ಕಾಣದ ಗುರುತೊಂದನ್ನು ತಾನಾಗಿ ಸೇರಿಸುತ್ತಿತ್ತು. ಆ ಮೂರು ಬೈಟುಗಳ ದೆಸೆಯಿಂದ ಎಷ್ಟೋ ಜಾಲಪುಟಗಳು ಕಾರಣ ತಿಳಿಯದೆ ಮುಗ್ಗರಿಸಿವೆಯೆಂದು ಶಿಷ್ಯ ಹೇಳಿದ.

2001ರ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಕನ್ನಡ ಫಾಂಟ್ ಬಂದಿತು. ನದಿಯ ಹೆಸರಿಟ್ಟವರಿಗೆ ನಮಸ್ಕಾರ. ಆದರೆ ಸಂಕೀರ್ಣ ಲಿಪಿಗಳ ಬೆಂಬಲವೆಂಬ ಒಂದು ಚೌಕಕ್ಕೆ ಗುರುತು ಹಾಕಿ, ಮೂಲ ಸಿ.ಡಿ.ಯನ್ನು ಮತ್ತೆ ತೂರಿಸಿದ ಹೊರತು ಒತ್ತಕ್ಷರಗಳು ಕೂಡುತ್ತಿರಲಿಲ್ಲ. ಅಕ್ಷರಗಳ ಬದಲು ಖಾಲಿ ಚೌಕಗಳ ಸಾಲು ಕಂಡರೆ ಫಾಂಟಿಲ್ಲವೆಂದಷ್ಟೇ ಅರ್ಥ. ಕನ್ನಡದ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. 2007ರ ಡಿಸೆಂಬರಿನ ಹೊತ್ತಿಗೆ ಜಾಲದಲ್ಲಿ ಅತಿ ಹೆಚ್ಚು ಬಳಕೆಯ ಸಂಕೇತ ಯುಟಿಎಫ್-8 ಎಂದು ಗೂಗಲ್ ಲೆಕ್ಕ ಹಾಕಿತು.

ಮೂರು ಬೈಟಿನ ಲೆಕ್ಕ ಮರೆತವರಿಂದಾದ ಅನಾಹುತ ಬೇರೆ. ಇಂಗ್ಲಿಷಿನ ಹೆಸರಿಗೆಂದು ಮೂವತ್ತು ಬೈಟುಗಳ ಅಂಕಣ ಮಾಡಿಟ್ಟರೆ ಕನ್ನಡದ ಹತ್ತು ಸಂಕೇತಗಳು ಮಾತ್ರ ಹಿಡಿಸುತ್ತವೆ. ನಾವು 'ಶ್ರೀ' ಎಂಬುದನ್ನು ಒಂದಕ್ಷರವೆನ್ನುತ್ತೇವೆ. ಯಂತ್ರಕ್ಕೆ ಅದು ಶ, ವಿರಾಮಚಿಹ್ನೆ, ರ, ದೀರ್ಘ ಈ ಎಂದು ನಾಲ್ಕು ಸಂಕೇತ, ಹನ್ನೆರಡು ಬೈಟು. ಹೀಗೆ ಕತ್ತರಿಸಲ್ಪಟ್ಟು ಲಕ್ಷ್ಮೀನಾರಾಯಣನು 'ಲಕ್ಷ್ಮೀನಾರ'ನಾಗಿ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು ನಡುವೆ ಕಾಣದ ಸಂಕೇತವೊಂದನ್ನು ಇಡಬೇಕು. ಒಬ್ಬರು ಇಟ್ಟು ಇನ್ನೊಬ್ಬರು ಬಿಟ್ಟರೆ ಯಂತ್ರದ ಪಾಲಿಗೆ ಅವರು ಇಬ್ಬರು ಬೇರೆ ಬೇರೆ ರಾಜಕುಮಾರರು, ಹುಡುಕಿದರೆ ಒಬ್ಬನೇ ಸಿಗುತ್ತಾನೆ.

ಇಷ್ಟೆಲ್ಲ ದೋಷಗಳಿಗೂ ಮದ್ದುಂಟು. ಮದ್ದಿಲ್ಲದ್ದು ಒಂದುಂಟು.

ನಮ್ಮ ಶಾಲೆಯ ಹಳೆಯ ಮುಖ್ಯೋಪಾಧ್ಯಾಯರೊಬ್ಬರು 2005ರಲ್ಲಿ ತಮ್ಮ ನೆನಪುಗಳ ನೋಟ್‌ಬುಕ್ಕನ್ನು ನನ್ನ ಕೈಗಿತ್ತು, ಮರುವರ್ಷ ತೀರಿಕೊಂಡರು. 2009ರಲ್ಲಿ ಶಾಲೆಗೊಂದು ಜಾಲತಾಣವಾದಾಗ ಅದನ್ನು ಯೂನಿಕೋಡಿನಲ್ಲಿ ನೇರವಾಗಿ ಅಲ್ಲಿಯೇ ಟೈಪು ಮಾಡಿಸಿದೆವು. ಚೆನ್ನಾಗಿಯೇ ಕಾಣುತ್ತಿತ್ತು. ಕಂಪ್ಯೂಟರಿಗೆ ಸೇರಿದ ಮೇಲೆ ಇನ್ನೇನು ಭಯವೆಂದು, ಮನೆಗೆ ಸುಣ್ಣ ಬಳಿಸಿದ ವರ್ಷ ಆ ನೋಟ್‌ಬುಕ್ಕನ್ನು ರದ್ದಿಗೆ ಹಾಕಿದವನು ನಾನೇ. 2013ರಲ್ಲಿ ಜಾಲತಾಣವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸಿದರು. ಹೊಸ ಡೇಟಾಬೇಸಿಗೆ ಪಶ್ಚಿಮ ಯೂರೋಪಿನ ಅಕ್ಷರಗಳು ಮಾತ್ರ ಗೊತ್ತಿದ್ದವು. ಗೊತ್ತಿಲ್ಲದ ಪ್ರತಿಯೊಂದು ಸಂಕೇತಕ್ಕೂ ಅದು ಒಂದೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದಿಟ್ಟಿತು. ಒಡೆದು ಕಾಣುವ ಅಕ್ಷರದ ಹಿಂದೆ ಮೂಲ ಬೈಟುಗಳಿರುತ್ತವೆ, ಈ ಚಿಹ್ನೆಯ ಹಿಂದೆ ಏನೂ ಇರುವುದಿಲ್ಲ. ನಮಗೆ ತಿಳಿಯುವಷ್ಟರಲ್ಲಿ ಹಳೆಯ ಸರ್ವರನ್ನು ಅಳಿಸಿಯಾಗಿತ್ತು. ನನ್ನ ತಟ್ಟೆಯನ್ನು ಬದುಕಿಸಿದ ಶಿಷ್ಯ ಇದರ ಮುಂದೆ ಅರ್ಧ ತಾಸು ಮೌನವಾಗಿ ಕುಳಿತು, "ಇದು ಹೋಯಿತು ಮೇಷ್ಟ್ರೆ" ಎಂದ.

ಅಂಕಿಗಳು, ಪದಗಳ ನಡುವಿನ ಬಿಡುವು, ಪೂರ್ಣವಿರಾಮಗಳು ಆಸ್ಕಿಯವಾದ್ದರಿಂದ ಹಾಗೆಯೇ ಉಳಿದಿವೆ. ಆ ಪುಟಗಳ ಪ್ರತಿಯನ್ನು ಮುದ್ರಿಸಿ ಇಟ್ಟುಕೊಂಡಿದ್ದೇನೆ. ಮಧ್ಯಾಹ್ನದ ಹೊತ್ತು ಪೆನ್ಸಿಲು ಹಿಡಿದು ಚಿಹ್ನೆಗಳನ್ನು ಎಣಿಸುತ್ತೇನೆ. ಎರಡನೆಯ ಪುಟದಲ್ಲಿ 1942 ಎಂದಿದೆ, ಅದಕ್ಕೆ ಅಂಟಿಕೊಂಡು ಐದು ಪ್ರಶ್ನಾರ್ಥಕಗಳು, 'ರಲ್ಲಿ' ಎಂದಿರಲೇಬೇಕು. ಬಿಡುವಿನ ಅನಂತರ ನಾಲ್ಕು. ಮತ್ತೆ ಬಿಟ್ಟು ಆರು, ಪೂರ್ಣವಿರಾಮ. ಕೊನೆಯದು 'ಸೇರಿದೆ' ಎಂದು ತೋರುತ್ತದೆ, ಲೆಕ್ಕ ಸರಿಹೊಂದುತ್ತದೆ. ನಡುವಿನ ನಾಲ್ಕು ಚಿಹ್ನೆ 'ಶಾಲೆ' ಆಗಬಹುದು. 'ಜೈಲು' ಎಂದರೂ ನಾಲ್ಕೇ. ಆ ವರ್ಷ ಅವರಿಗೆ ಹದಿನೆಂಟು. ನೋಟ್‌ಬುಕ್ಕನ್ನು ನಾನು ಒಮ್ಮೆ ಪೂರ್ತಿ ಓದಿದ್ದೆ.