ಇಪ್ಪತ್ತನಾಲ್ಕು ಸೆಕೆಂಡುಗಳ ಶಾಸನ

ತನ್ನ ತಂಡ ಸೋತಿತೆಂದು ಕೊರಗುವ ಅಭಿಮಾನಿಯನ್ನು ಸಮಾಧಾನಪಡಿಸುವುದು ಸುಲಭ. ಮುಂದಿನ ಪಂದ್ಯದ ಗೆಲುವೊಂದೇ ಅದಕ್ಕೆ ಸಾಕಾದೀತು. ಆದರೆ ತನ್ನ ತಂಡ ಆಡುವ ರೀತಿಯೇ ಮನಸ್ಸಿಗೆ ಒಗ್ಗದೆ ಬೇಸತ್ತವನಿಗೆ ಗೆಲುವೂ ಮದ್ದಾಗಲಾರದು. ತಂಡ ಗೆದ್ದಷ್ಟೂ, ಇವನ ಗೊಣಗಾಟಕ್ಕೆ ಆಧಾರವಿಲ್ಲವೆಂದು ಲೋಕ ಇವನನ್ನೇ ಹಳಿಯುತ್ತದೆ. ಇಂತಹ ಅಸಮಾಧಾನವನ್ನು ಮನಸ್ಸಿನ ಚಾಪಲ್ಯವೆಂದು ತಳ್ಳಿಹಾಕುವವರು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟದ ಚರಿತ್ರೆಯನ್ನು ಒಮ್ಮೆ ಅವಲೋಕಿಸುವುದು ಲೇಸು. ಆ ಆಟಕ್ಕೆ ಇಂದಿನ ರೂಪವನ್ನು ಕೊಟ್ಟ ಪ್ರಧಾನ ನಿಯಮ ಹುಟ್ಟಿದುದೇ ದುಡ್ಡು ಕೊಟ್ಟು ಬಂದು ಕುಳಿತು ಆಕಳಿಸಿದ ಪ್ರೇಕ್ಷಕರ ಬೇಸರದಿಂದ.

1891ರ ಡಿಸೆಂಬರಿನಲ್ಲಿ, ಮೆಸಾಚುಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ಚಳಿಗಾಲವನ್ನು ಒಳಾಂಗಣದಲ್ಲಿಯೇ ಕಳೆಯಬೇಕಾಗಿದ್ದ 18 ಮಂದಿ ತರುಣರ ಚಡಪಡಿಕೆಯನ್ನು ತಣಿಸುವುದಕ್ಕಾಗಿ, ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಮೊಳೆ ಹೊಡೆಸಿ ನಿಲ್ಲಿಸಿ, 13 ನಿಯಮಗಳನ್ನು ಬರೆದು ಈ ಆಟವನ್ನು ಪ್ರಾರಂಭಿಸಿದರು. ಚೆಂಡನ್ನು ಹಿಡಿದು ಓಡಕೂಡದು, ಎದುರಾಳಿಯನ್ನು ನೂಕಕೂಡದು, ಚೆಂಡನ್ನು ಮುಷ್ಟಿಯಿಂದ ಗುದ್ದಕೂಡದು ಎಂದು ಹಲವನ್ನು ನಿಷೇಧಿಸಿದ ಆ ನಿಯಮಾವಳಿ, ಚೆಂಡು ದೊರೆತ ತಂಡ ಅದನ್ನು ಎಷ್ಟು ಹೊತ್ತಿನೊಳಗೆ ಬುಟ್ಟಿಗೆ ಎಸೆಯಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಆಡಬಂದವನಿಗೆ ಎಸೆಯುವ ಆಸೆ ಸಹಜವಾಗಿಯೇ ಇರುವಾಗ ಅದನ್ನು ವಿಧಿಸಬೇಕಾದೀತೆಂದು ಯಾರಿಗೆ ತಾನೆ ತೋರೀತು? ಮುಂದೆ 1932ರಲ್ಲಿ ಅಂಕಣದ ಅರ್ಧವನ್ನು 10 ಸೆಕೆಂಡಿನೊಳಗೆ ದಾಟಬೇಕೆಂದೂ, 1937ರಲ್ಲಿ ಪ್ರತಿ ಬುಟ್ಟಿಯ ತರುವಾಯ ನಡುವಿಗೆ ಮರಳಿ ಚೆಂಡನ್ನು ಮೇಲಕ್ಕೆ ಹಾರಿಸುವ ಪದ್ಧತಿ ಬೇಡವೆಂದೂ ತಿದ್ದುಪಡಿಗಳಾಗಿ ಆಟದ ವೇಗ ಹೆಚ್ಚಿತಾದರೂ, ಆ ಮೂಲನ್ಯೂನತೆ ಹಾಗೆಯೇ ಉಳಿಯಿತು.

ಅದರ ಫಲ ಸಂಪೂರ್ಣವಾಗಿ ಬಯಲಾದುದು 1950ರ ನವೆಂಬರ್ 22ರ ರಾತ್ರಿ, ಮಿನಿಯಾಪೊಲಿಸ್ ನಗರದಲ್ಲಿ. ಅಲ್ಲಿಯ ಲೇಕರ್ಸ್ ತಂಡದ ಜಾರ್ಜ್ ಮೈಕನ್ 6 ಅಡಿ 10 ಅಂಗುಲ ಎತ್ತರದ ಆಳು. ಬುಟ್ಟಿಯ ಕೆಳಗೆ ಆತನನ್ನು ತಡೆಯುವ ಶಕ್ತಿ ಆ ಕಾಲದ ಯಾವ ತಂಡಕ್ಕೂ ಇರಲಿಲ್ಲ. ಫೋರ್ಟ್ ವೇಯ್ನ್ ಊರಿನಿಂದ ಬಂದ ಪಿಸ್ಟನ್ಸ್ ತಂಡದ ತರಬೇತುದಾರ ಮರ್ರಿ ಮೆಂಡನ್‌ಹಾಲ್, ಮೈಕನ್ನನ ಕೈಗೆ ಚೆಂಡು ಸಿಕ್ಕಿದರಲ್ಲವೆ ಅಪಾಯ ಎಂದು ಯೋಚಿಸಿ, ಚೆಂಡನ್ನು ತಮ್ಮಲ್ಲಿಯೇ ಇರಿಸಿಕೊಂಡು ನಿಲ್ಲುವಂತೆ ತಮ್ಮವರಿಗೆ ಆಜ್ಞಾಪಿಸಿದರು. ಅವರು ನಿಂತರು, ಎದುರಾಳಿಗಳೂ ನಿಂತರು. 7,000ಕ್ಕೂ ಮಿಕ್ಕ ಜನ ಕೂಗಿದರು, ಧಿಕ್ಕರಿಸಿದರು. ಗಡಿಯಾರ ಮಾತ್ರ ಓಡುತ್ತಿತ್ತು. ಕಡೆಯ 12 ನಿಮಿಷಗಳಲ್ಲಿ ಎರಡು ತಂಡಗಳೂ ಕೂಡಿ ಗಳಿಸಿದುದು 4 ಅಂಕಗಳು. ಕೊನೆಯ ಕ್ಷಣಗಳಲ್ಲಿ ಲ್ಯಾರಿ ಫೌಸ್ಟ್ ಹಾಕಿದ ಬುಟ್ಟಿಯಿಂದ ಪಿಸ್ಟನ್ಸ್ 19-18ರಲ್ಲಿ ಗೆದ್ದಿತು. ಲೇಕರ್ಸ್ ಪಡೆದ 18ರಲ್ಲಿ 15 ಅಂಕಗಳು ಮೈಕನ್ನನವೇ ಆಗಿದ್ದುವೆಂಬುದನ್ನು ನೋಡಿದರೆ ಮೆಂಡನ್‌ಹಾಲರ ಭಯ ನಿರಾಧಾರವಾಗಿರಲಿಲ್ಲವೆಂದು ಒಪ್ಪಬೇಕಾಗುತ್ತದೆ. ಎನ್‌.ಬಿ.ಎ. ಎಂಬ ಅಮೆರಿಕದ ವೃತ್ತಿಪರ ಲೀಗಿನ ಚರಿತ್ರೆಯಲ್ಲಿ ಇಷ್ಟು ಕಡಮೆ ಅಂಕಗಳ ಪಂದ್ಯ ಮತ್ತೊಂದಿಲ್ಲ.

ಇಲ್ಲಿ ದೋಷ ಯಾರದು? ತರಬೇತುದಾರರು ಯಾವ ನಿಯಮವನ್ನೂ ಮುರಿಯಲಿಲ್ಲ. ಗೆಲ್ಲಿಸುವುದಕ್ಕಾಗಿ ಸಂಬಳ ಪಡೆಯುವವನು, ನಿಯಮ ಬಿಟ್ಟುಕೊಟ್ಟ ಮಾರ್ಗದಲ್ಲಿ ನಡೆದು ಗೆಲ್ಲಿಸಿದರೆ, ಅವನನ್ನು ನಿಂದಿಸುವುದು ನ್ಯಾಯವಲ್ಲ. ಹಾಗೆಂದು ಪ್ರೇಕ್ಷಕರ ಕೋಪವೂ ಅನ್ಯಾಯವಾದುದಲ್ಲ. ಅವರು ಕಾಣಬಂದುದು ಆಟವನ್ನು, ಗೆಲುವೆಂಬುದು ಅದರ ಪರಿಣಾಮ ಮಾತ್ರ. ನಮ್ಮ ಕ್ರಿಕೆಟ್ ಪ್ರಿಯರಿಗೆ ಇದು ಅಪರಿಚಿತ ಭಾವವೇನೂ ಅಲ್ಲ: 1975ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನ 334 ರನ್ನುಗಳಿಗೆ ಉತ್ತರವಾಗಿ, 60 ಓವರುಗಳುದ್ದಕ್ಕೂ ಔಟಾಗದೆ ನಿಂತು ಗಾವಸ್ಕರ್ 36 ರನ್ ಮಾಡಿದಾಗ, ಲಾರ್ಡ್ಸ್ ಮೈದಾನದಲ್ಲಿದ್ದ ಭಾರತೀಯರನ್ನು ನೋಯಿಸಿದುದು ಸೋಲಿಗಿಂತ ಹೆಚ್ಚಾಗಿ ಆ ಸೋಲಿನ ರೀತಿ.

ಮಿನಿಯಾಪೊಲಿಸ್ಸಿನ ಪ್ರಸಂಗ ಒಂಟಿಯಾಗಿ ಉಳಿಯಲಿಲ್ಲ. 1951ರ ಜನವರಿ 6ರಂದು ರಾಚೆಸ್ಟರ್ ನಗರದಲ್ಲಿ ಅಲ್ಲಿಯ ತಂಡಕ್ಕೂ ಇಂಡಿಯಾನಾಪೊಲಿಸ್ ತಂಡಕ್ಕೂ ನಡೆದ ಪಂದ್ಯ ಸಮನಾಗಿ, ಆರು ಹೆಚ್ಚುವರಿ ಅವಧಿಗಳವರೆಗೆ ಬೆಳೆಯಿತು; ಚೆಂಡು ಯಾರಿಗೆ ಮೊದಲು ಸಿಕ್ಕಿತೋ ಅವರು ಅವಧಿಯ ಕೊನೆಯ ಎಸೆತಕ್ಕಾಗಿ ಕಾಯುತ್ತ ನಿಲ್ಲುವುದೇ ಆಟವಾಗಿ, 75-73ರಲ್ಲಿ ಅದು ಮುಗಿಯುವ ವೇಳೆಗೆ ಜನರ ಉತ್ಸಾಹ ಎಂದೋ ಮುಗಿದಿತ್ತು. ಮುಂದಿರುವ ತಂಡ ಚೆಂಡನ್ನು ಬಚ್ಚಿಟ್ಟುಕೊಂಡರೆ ಹಿಂದಿರುವ ತಂಡಕ್ಕೆ ಉಳಿಯುವ ಉಪಾಯ ಒಂದೇ, ಚೆಂಡನ್ನು ಬಿಡಿಸಲು ಬೇಕೆಂದೇ ನಿಯಮ ಮುರಿದು ಫೌಲ್ ಮಾಡುವುದು. ಫೌಲಿಗೆ ಎದುರಾಳಿಗೆ ಫ್ರೀ ಥ್ರೋ ಎಂಬ ತಡೆಯಿಲ್ಲದ ಎಸೆತ, ಮತ್ತೆ ಫೌಲು, ಮತ್ತೆ ಫ್ರೀ ಥ್ರೋ. 1953ರ ಮಾರ್ಚಿನಲ್ಲಿ ಬಾಸ್ಟನ್ನಿನ ಬಾಬ್ ಕೂಸಿ ಸಿರಕ್ಯೂಸ್ ತಂಡದ ಮೇಲೆ ನಾಲ್ಕು ಹೆಚ್ಚುವರಿ ಅವಧಿಗಳ ಪಂದ್ಯದಲ್ಲಿ 50 ಅಂಕಗಳನ್ನು ಗಳಿಸಿದುದು ಪ್ರಸಿದ್ಧವಾಗಿದೆ; ಅವುಗಳಲ್ಲಿ 30 ಅಂಕಗಳು ಫ್ರೀ ಥ್ರೋಗಳಿಂದಲೇ ಬಂದುವೆಂಬುದು ಆ ಕಾಲದ ಆಟದ ಸ್ವರೂಪವನ್ನು ಹೇಳುತ್ತದೆ. 1949ರಲ್ಲಿ 17 ತಂಡಗಳಿದ್ದ ಲೀಗಿನಲ್ಲಿ 1953ರ ವೇಳೆಗೆ 9 ಉಳಿದುವು. ಇದಕ್ಕೆ ಕಾರಣಗಳು ಹಲವಿದ್ದರೂ, ಖಾಲಿ ಕುರ್ಚಿಗಳು ಮಾಲಿಕರಿಗೆ ಹೇಳುತ್ತಿದ್ದ ಮಾತು ಸ್ಪಷ್ಟವಾಗಿಯೇ ಇತ್ತು.

ಪರಿಹಾರವನ್ನು ಸೂಚಿಸಿದವರು ಸಿರಕ್ಯೂಸ್ ತಂಡದ ಒಡೆಯ ಡ್ಯಾನಿ ಬಿಯಸೋನ್. ಇಟಲಿಯಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಬಂದು, ಬೌಲಿಂಗ್ ಆಟದ ಮಳಿಗೆಯೊಂದನ್ನು ನಡೆಸುತ್ತಿದ್ದ ಈತ, ತಂಡದ ಜನರಲ್ ಮ್ಯಾನೇಜರ್ ಲಿಯೊ ಫೆರಿಸ್ಸರೊಡನೆ ಕುಳಿತು ಮಾಡಿದ ಲೆಕ್ಕದ ಸೊಗಸು ಅದರ ಸರಳತೆಯಲ್ಲಿದೆ. ಬೇಸರ ತಂದ ಪಂದ್ಯಗಳನ್ನು ಅವರು ಬದಿಗಿಟ್ಟು, ನೋಡಿ ಸಂತೋಷಪಟ್ಟ ಪಂದ್ಯಗಳ ಅಂಕಪಟ್ಟಿಗಳನ್ನು ಪರಿಶೀಲಿಸಿದರು. ಅಂಥವುಗಳಲ್ಲಿ ಒಂದೊಂದು ತಂಡವೂ ಸುಮಾರು 60 ಬಾರಿ, ಎರಡೂ ಕೂಡಿ 120 ಬಾರಿ, ಬುಟ್ಟಿಗೆ ಎಸೆದಿದ್ದುವು. ಪಂದ್ಯದ 48 ನಿಮಿಷಗಳೆಂದರೆ 2,880 ಸೆಕೆಂಡುಗಳು. ಅದನ್ನು 120ರಿಂದ ಭಾಗಿಸಿದರೆ 24. ಚೆಂಡು ಕೈಗೆ ಬಂದ 24 ಸೆಕೆಂಡುಗಳೊಳಗೆ ಎಸೆಯದ ತಂಡ ಅದನ್ನು ಎದುರಾಳಿಗೆ ಒಪ್ಪಿಸಬೇಕು. 1954ರ ಆಗಸ್ಟ್‌ನಲ್ಲಿ ಸಿರಕ್ಯೂಸಿನ ಶಾಲೆಯೊಂದರ ಅಂಕಣದಲ್ಲಿ ಉಳಿದ ಮಾಲಿಕರೆದುರು ಇದರ ಪ್ರಯೋಗ ನಡೆದು, ಆ ವರ್ಷದ ಋತುವಿನಿಂದಲೇ ನಿಯಮ ಜಾರಿಗೆ ಬಂದಿತು.

ಹಿಂದಿನ ಋತುವಿನಲ್ಲಿ ಪಂದ್ಯವೊಂದಕ್ಕೆ ತಂಡದ ಸರಾಸರಿ 79.5 ಅಂಕಗಳಿದ್ದುದು ಒಮ್ಮೆಗೇ 93.1ಕ್ಕೆ ಏರಿತು, 1957-58ರ ವೇಳೆಗೆ 100ನ್ನೂ ದಾಟಿತು. ಮೊದಲ ವರ್ಷದ ಅಂತಿಮ ಹೋರಾಟದಲ್ಲಿ ಎದುರುಬದುರಾದುವು ನಿಯಮವನ್ನು ರಚಿಸಿದ ಸಿರಕ್ಯೂಸ್ ಮತ್ತು ಚೆಂಡು ಹಿಡಿದು ನಿಂತು ಹೆಸರಾಗಿದ್ದ ಅದೇ ಫೋರ್ಟ್ ವೇಯ್ನ್. 1955ರ ಏಪ್ರಿಲ್ 10ರ ಏಳನೆಯ ಪಂದ್ಯದಲ್ಲಿ ಫೋರ್ಟ್ ವೇಯ್ನ್ ಒಂದು ಹಂತದಲ್ಲಿ 17 ಅಂಕಗಳಿಂದ ಮುಂದಿತ್ತು. ಹಳೆಯ ನಿಯಮವಿದ್ದಿದ್ದರೆ ಅಷ್ಟರಲ್ಲಿಯೇ ಚೆಂಡನ್ನು ಬಚ್ಚಿಟ್ಟುಕೊಳ್ಳಬಹುದಾಗಿತ್ತು, ಗಡಿಯಾರ ಬಿಡಲಿಲ್ಲ. ಸಿರಕ್ಯೂಸ್ ಹಿಂದಿನಿಂದ ಬಂದು 92-91ರಲ್ಲಿ ಪ್ರಶಸ್ತಿಯನ್ನು ಗೆದ್ದಿತು.

ಕಾಲೇಜುಗಳ ಆಟಕ್ಕೆ ಈ ವಿವೇಕ ತಡವಾಗಿ ಬಂದಿತು. 1973ರಲ್ಲಿ ಟೆನೆಸೀ ವಿಶ್ವವಿದ್ಯಾಲಯ ಟೆಂಪಲ್ ವಿಶ್ವವಿದ್ಯಾಲಯವನ್ನು ಸೋಲಿಸಿದುದು 11-6ರಲ್ಲಿ. 1979ರಲ್ಲಿ ಉತ್ತರ ಕ್ಯಾರೊಲೈನ ತಂಡ ಡ್ಯೂಕ್ ವಿರುದ್ಧ ಅರ್ಧ ಪಂದ್ಯ ಕಳೆದರೂ ಒಂದು ಅಂಕವನ್ನೂ ಪಡೆಯದೆ 7-0ರಲ್ಲಿ ಹಿಂದಿತ್ತು. ಇಂತಹ ಪಂದ್ಯಗಳನ್ನೆಲ್ಲ ಸಹಿಸಿದ ಮೇಲೆ, 1985-86ರಲ್ಲಿ, ಅಲ್ಲಿಯೂ 45 ಸೆಕೆಂಡುಗಳ ಮಿತಿ ಸ್ಥಾಪಿತವಾಯಿತು.

ಇಷ್ಟಾದರೂ ಅಭಿಮಾನಿಯ ದೂರು ತೀರಲಿಲ್ಲ. 1979-80ರಲ್ಲಿ ದೂರದ ರೇಖೆಯಾಚೆಯಿಂದ ಎಸೆದುದಕ್ಕೆ ಮೂರು ಅಂಕಗಳೆಂದು ಎನ್‌.ಬಿ.ಎ. ವಿಧಿಸಿದಾಗ ತಂಡವೊಂದು ಪಂದ್ಯಕ್ಕೆ ಸರಾಸರಿ ಮೂರು ಬಾರಿಯೂ ಅದನ್ನು ಪ್ರಯತ್ನಿಸುತ್ತಿರಲಿಲ್ಲ. 2024-25ರಲ್ಲಿ ಆ ಸರಾಸರಿ 37ನ್ನು ಮೀರಿತು. ಎಲ್ಲ ತಂಡಗಳೂ ಒಂದೇ ಬಗೆಯಾಗಿ ದೂರದಿಂದ ಎಸೆಯುತ್ತವೆ, ಬುಟ್ಟಿಯ ಬಳಿಯ ಚಾತುರ್ಯ ಮಾಯವಾಯಿತು ಎಂದು ಇಂದಿನವನು ಗೊಣಗುತ್ತಾನೆ. ಇಂದಿನ ತರಬೇತುದಾರರೂ ಮೆಂಡನ್‌ಹಾಲರಂತೆ ನಿರ್ದೋಷಿಗಳೇ. ಮೂರು ಎರಡಕ್ಕಿಂತ ಹೆಚ್ಚೆಂಬ ಗಣಿತವನ್ನು ಅವರು ಪಾಲಿಸುತ್ತಿದ್ದಾರೆ. ಸೋಲುವುದಾದರೂ ಸರಿ, ಚೆಲುವಾಗಿ ಆಡಿಸು ಎಂದು ಅವರನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ಚೆಲುವಾಗಿ ಆಡುವುದೇ ಗೆಲ್ಲುವ ಮಾರ್ಗವಾಗುವಂತೆ ನಿಯಮವನ್ನು ತಿದ್ದಿರೆಂದು ಲೀಗನ್ನು ಕೇಳುವ ಹಕ್ಕು ಮಾತ್ರ ಪ್ರೇಕ್ಷಕನಿಗೆ ಉಂಟು. ಆ ತಿದ್ದುಪಡಿಗೆ ಬೇಕಾದ ಅಳತೆ ದೂರಿನಲ್ಲಿ ಸಿಕ್ಕುವುದಿಲ್ಲ. ಬಿಯಸೋನರು ಮಾಡಿದಂತೆ, ಹಿತವಾದ ಪಂದ್ಯ ಯಾವುದಾಗಿತ್ತು, ಅದರಲ್ಲಿ ಏನೇನು ಎಷ್ಟೆಷ್ಟು ಇತ್ತು ಎಂದು ಎಣಿಸಿ ಹೇಳಬಲ್ಲ ಅಭಿಮಾನಿಯ ಅಸಮಾಧಾನ ಶಾಸನವಾಗುತ್ತದೆ. ಉಳಿದವರದು ಗೊಣಗಾಟವಾಗಿಯೇ ಉಳಿಯುತ್ತದೆ.