ದೇವನೂರಿನ ಕವಿಯ ಮಾತ್ರೆ ಲೆಕ್ಕ

ನಮ್ಮ ಕಡೂರು ತಾಲ್ಲೂಕಿನ ದೇವನೂರು ಅಂದ ಕೂಡಲೇ ನೆನಪಾಗುವವನು 'ಜೈಮಿನಿ ಭಾರತ'ದ ಲಕ್ಷ್ಮೀಶ. ಯಾದಗಿರಿ ಜಿಲ್ಲೆಯ ಸುರಪುರದ ಕಡೆಯವರು ಕವಿ ತಮ್ಮವನು ಅನ್ನುತ್ತಾರೆ. ಕಾವ್ಯದಲ್ಲಿ ಇರುವ ಹೆಸರು ಮಾತ್ರ ದೇವಪುರ. ಅಲ್ಲಿನ ಲಕ್ಷ್ಮೀರಮಣನೇ ಕವಿಯ ಇಷ್ಟದೈವ.

ಧರ್ಮರಾಯನ ಅಶ್ವಮೇಧದ ಈ ಕಥೆ 34 ಸಂಧಿಗಳಲ್ಲಿದೆ. ಛಂದಸ್ಸು ವಾರ್ಧಕ ಷಟ್ಪದಿ. ಲೆಕ್ಕ ಬಹಳ ಸುಲಭ. ಆರು ಸಾಲು, ಐದೈದು ಮಾತ್ರೆಯ ಗಣಗಳು. 1, 2, 4, 5ನೇ ಸಾಲುಗಳಲ್ಲಿ ನಾಲ್ಕು ಗಣ, ಅಂದರೆ 20 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ ಆರು ಗಣ, ಕೊನೆಗೊಂದು ಗುರು, ಅಂದರೆ 32. ಒಟ್ಟು 144. ಕುಮಾರವ್ಯಾಸನ ಭಾಮಿನಿಯಲ್ಲಿ 102 ಮಾತ್ರೆ ಮಾತ್ರ. ಹಾಗಾಗಿ ಲಕ್ಷ್ಮೀಶನಿಗೆ ಉಪಮೆ, ಅನುಪ್ರಾಸಗಳನ್ನು ಹರಡಿಕೊಳ್ಳಲು ಜಾಗ ಹೆಚ್ಚು.

ಇನ್ನು ಪ್ರಾಸ. ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಮರಳಿ ಬರಬೇಕು. ಮರ, ಕರಿ, ಸಿರಿ, ಗುರು ಇದ್ದ ಹಾಗೆ. ಸ್ವರ ಬದಲಾದರೂ ಅಡ್ಡಿಯಿಲ್ಲ. ಅದರ ಹಿಂದಿನ ಅಕ್ಷರ ಮಾತ್ರ ಎಲ್ಲ ಸಾಲಿನಲ್ಲೂ ಲಘುವಾದರೆ ಲಘು, ಗುರುವಾದರೆ ಗುರು.

ಇದೆಲ್ಲ ಬರೀ ಅಲಂಕಾರ ಅಂತ ಶಾಲೆಯಲ್ಲಿ ನಾವು ಬೇಸರಪಟ್ಟುಕೊಂಡಿದ್ದುಂಟು. ಆದರೆ ಯೋಚಿಸಿ ನೋಡಿ. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಜನ್ನ ಕವಿಯ ಪದ್ಯಗಳು ಕಲ್ಲಿನ ಮೇಲಿವೆ. ಕಲ್ಲನ್ನು ಪ್ರತಿ ಮಾಡಬೇಕಿಲ್ಲ. ಲಕ್ಷ್ಮೀಶನ ಕಾವ್ಯ ಓಲೆಗರಿಯಿಂದ ಓಲೆಗರಿಗೆ, ಗಮಕಿಯ ಬಾಯಿಂದ ಬಾಯಿಗೆ ಬಂದದ್ದು. ಲಿಪಿಕಾರ ಒಂದಕ್ಷರ ಬಿಟ್ಟರೆ ಮಾತ್ರೆ ಕೆಡುತ್ತದೆ, ಎರಡನೇ ಅಕ್ಷರ ತಪ್ಪಿದರೆ ಪ್ರಾಸ ಕೆಡುತ್ತದೆ. ಓದುವಾಗಲೇ ಕಿವಿಗೆ ಗೊತ್ತಾಗುತ್ತದೆ. ಛಂದಸ್ಸೇ ಕಾವ್ಯದ ಕಾವಲುಗಾರ. ಆದರೆ ಮಾತ್ರೆ ಸರಿಹೋಗುವ ಬೇರೆ ಪದ ಬಂದು ಕೂತರೆ ಈ ಕಾವಲುಗಾರನೂ ಸುಮ್ಮನಿರುತ್ತಾನೆ!

ನಮ್ಮೂರುಗಳನ್ನೇ ಎಣಿಸಿ. ಅಜ್ಜಂಪುರ ಆರು ಮಾತ್ರೆ, ಒಂದು ಗಣಕ್ಕೆ ಹಿಡಿಸದು. ತರೀಕೆರೆ ಸರಿಯಾಗಿ ಐದು, ಆದರೆ ಲಘುವಿನ ಬೆನ್ನಿಗೇ ಗುರು ಬರುವುದರಿಂದ ಗಣದ ಮೊದಲಿಗೆ ನಿಲ್ಲುವಂತಿಲ್ಲ. ದೇವನೂರು ಆರು. ದೇವಪುರ? ಗುರು, ಮೂರು ಲಘು: ಐದು, ಅಚ್ಚುಕಟ್ಟಾದ ಒಂದು ಗಣ! ದೇವನೂರೇ ಪದ್ಯಕ್ಕಾಗಿ ದೇವಪುರವಾಯಿತೇ? ನನಗೆ ಹಾಗನ್ನಿಸುತ್ತದೆ. ಆದರೆ ಇದು ಸಾಕ್ಷಿಯಲ್ಲ. ಸುರಪುರದವರೂ ಅದೇ ಹೆಸರನ್ನು ತೋರಿಸಬಹುದು. ಕವಿಯ ಊರನ್ನು ಮಾತ್ರೆ ಎಣಿಸಿ ತೀರ್ಮಾನಿಸಲಾಗದು, ಕವಿಯ ಕಿವಿಯನ್ನು ತಿಳಿಯಬಹುದು.

ಮನೆಯಲ್ಲಿ ಹಳೆಯ ಜೈಮಿನಿ ಇದ್ದರೆ ತೆಗೆದು, ಬೆರಳು ಮಡಚಿ ಎಣಿಸುತ್ತಾ ಒಂದು ಪದ್ಯವನ್ನಾದರೂ ಗಟ್ಟಿಯಾಗಿ ಓದಿ.